ಬಾವಿಕಟ್ಟೆಯ ಬಿಳಿ ತುಂಡು

ನಾನು ಒಂದು ಬಟ್ಟೆಯ ತುಂಡು. ಉದ್ದ ಒಂದು ಮೊಳ, ಅಗಲ ನಾಲ್ಕು ಬೆರಳು. ಅಂಚಿಲ್ಲ, ಸೆರಗಿಲ್ಲ, ಹೊಲಿಗೆಯಿಲ್ಲ. ದಾರಿಯಲ್ಲಿ ಬಿದ್ದಿದ್ದರೆ ನೀವು ಬಗ್ಗಿ ನೋಡುವವರಲ್ಲ. ಆದರೂ ಸುಮಾರು ಎರಡು ವರ್ಷ ಒಬ್ಬ ಹೆಂಗಸು ಬೆಳಿಗ್ಗೆ ಎದ್ದು ದೇವರ ಜಗುಲಿಗಿಂತ ಮೊದಲು ನನ್ನ ಮುಖ ನೋಡುತ್ತಿದ್ದಳು. ನನ್ನನ್ನು ನೋಡಿಯೇ ನೀರು ಕುಡಿಯುತ್ತಿದ್ದಳು, ಮಗಳಿಗೂ ಕುಡಿಸುತ್ತಿದ್ದಳು. ಆ ಕಥೆ ಹೇಳುತ್ತೇನೆ. ಅಳುತ್ತಾ ಹೇಳುವುದಿಲ್ಲ, ಅಳುವುದು ನನಗೆ ಬರುವುದಿಲ್ಲ. ಅದ್ದಿದರೆ ತೊಯ್ಯುತ್ತೇನೆ, ಬಿಸಿಲಿಗೆ ಹಾಕಿದರೆ ಒಣಗುತ್ತೇನೆ. ಅಷ್ಟೇ ನನ್ನ ಸ್ವಭಾವ.

ಹುಟ್ಟಿದ್ದು ಕೃಷ್ಣಾ ನದಿಯ ಈಚೆಯ ಒಂದು ಮಗ್ಗಗಳ ಊರಿನಲ್ಲಿ, ಕಾಡಪ್ಪನೆಂಬ ನೇಕಾರನ ಕೈಮಗ್ಗದ ಮೇಲೆ. ಆಗ ನಾನು ತುಂಡಾಗಿರಲಿಲ್ಲ, ಎಂಟು ಮೊಳದ ಒಂದು ಧೋತರದ ಭಾಗವಾಗಿದ್ದೆ. ಊರಿಗೆ ಊರೇ ಕರೆಂಟಿನ ಮಗ್ಗ ಹಾಕಿಸಿ ಬಣ್ಣದ ಸೀರೆ ನೇಯುತ್ತಿದ್ದ ಕಾಲ ಅದು. ಕಾಡಪ್ಪನೂ ಕೂಲಿಗೆ ಸೀರೆಯನ್ನೇ ನೇಯುತ್ತಿದ್ದ. ಮಗಳು ಶಿವಲೀಲಾಳ ಮದುವೆ ಗೊತ್ತಾದಾಗ ಮಾತ್ರ, ಆ ದಿನ ಉಡುವುದಕ್ಕೆ ತನ್ನ ಕೈಯ ಧೋತರವೇ ಆಗಬೇಕೆಂದು ಮೂಲೆಯ ಹಳೆಯ ಮಗ್ಗದ ಧೂಳು ಕೊಡವಿದ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಐದು ದಿನ ಲಾಳಿ ಆಡಿಸಿದ. ಹೆಂಡತಿ ಬಂಗಾರೆವ್ವ ಪಕ್ಕದಲ್ಲಿ ಕೂತು ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಟ್ಟಳು.

"ಅಂಚಿಗಿಷ್ಟು ಕೆಂಪ ನೂಲರ ಹಾಕು. ಮುರಿಗೆಪ್ಪನ ಕಡೆ ಕೇಳಿದ್ರ ಇಲ್ಲ ಅಂತಾನೇನ?" ಎಂದಳು.

"ಬ್ಯಾಡ. ದಿನಾ ಬಣ್ಣ ನೋಡಿ ನೋಡಿ ಕಣ್ಣ ದಣದಾವ" ಎಂದ ಕಾಡಪ್ಪ.

ಹೀಗೆ ನಾನು ಬಿಳಿಯಾಗಿಯೇ ಹುಟ್ಟಿದೆ. ಮದುವೆಯಲ್ಲಿ ಕಾಡಪ್ಪ ನನ್ನನ್ನು ಉಟ್ಟು ಓಡಾಡಿದ, ಬೀಗರ ಕಾಲಿಗೆ ನೀರು ಕೊಟ್ಟ. ಆಮೇಲೆ ಎರಡು ವರ್ಷ ಸೋಮವಾರಕ್ಕೊಮ್ಮೆ ಉಟ್ಟ. ಒಂದು ಚಳಿಗಾಲ ಕೆಮ್ಮು ಹಿಡಿದು ತೀರಿಕೊಂಡ. ಬಂಗಾರೆವ್ವ ನನ್ನನ್ನು ಒಗೆದು, ಮಡಿಸಿ, ಟ್ರಂಕಿನ ತಳದಲ್ಲಿಟ್ಟಳು. ಮುಚ್ಚಳ ಬಿತ್ತು. ಕತ್ತಲೆಯಲ್ಲಿ ಎಷ್ಟು ದಿನ ಇದ್ದೆನೋ ನನಗೆ ತಿಳಿಯದು. ಬೇಸರವೂ ಆಗಲಿಲ್ಲ.

ಈಗ ಮುರಿಗೆಪ್ಪನ ಬಗ್ಗೆ ಹೇಳಬೇಕು. ಅವನು ಪಕ್ಕದ ಮನೆಯವನು, ನೂಲಿಗೆ ಬಣ್ಣ ಹಾಕುವವನು. ಅವನ ಅಪ್ಪನೂ ಅದೇ ಕಸುಬಿನವನು. ಮುರಿಗೆಪ್ಪ ಕಾಡಪ್ಪನ ಜೊತೆ ಶಾಲೆ ಕಲಿತವನು, ಒಂದೇ ಬೀಡಿಯನ್ನು ಇಬ್ಬರೂ ಸೇದಿದವರು. ಬಂಗಾರೆವ್ವನನ್ನು ಅವನು ವೈನಿ, ಅಂದರೆ ಅತ್ತಿಗೆ ಎಂದೇ ಕರೆಯುತ್ತಿದ್ದ. ಉಗುರಿನ ಸಂದಿಯಲ್ಲಿ ಸದಾ ಕೆಂಪು, ನೀಲಿ. ಅವನ ಹಿತ್ತಲಿನಲ್ಲಿ ನಾಲ್ಕು ತೊಟ್ಟಿಗಳಿದ್ದವು. ಬಿಸಿನೀರಿಗೆ ಬಣ್ಣದ ಪುಡಿ, ಉಪ್ಪು, ಸೋಡಾ ಹಾಕಿ ನೂಲಿನ ಲಡಿಗಳನ್ನು ಅದ್ದಿ ಅದ್ದಿ ತೆಗೆಯುತ್ತಿದ್ದ. ನೂಲು ತನಗೆ ಬೇಕಾದಷ್ಟು ಬಣ್ಣ ಹಿಡಿಯುತ್ತಿತ್ತು. ಹಿಡಿಯದೆ ಉಳಿದದ್ದು ನೀರಿನೊಂದಿಗೆ ಹಿತ್ತಲ ಗುಂಡಿಗೆ ಹೋಗುತ್ತಿತ್ತು. ಗುಂಡಿಗೂ ಬಂಗಾರೆವ್ವನ ಬಾವಿಗೂ ನಡುವೆ ಒಂದು ಗೋಡೆ. ನೆಲದ ಮೇಲೆ ಗೋಡೆಯಿತ್ತು, ನೆಲದ ಕೆಳಗೆ ಇರಲಿಲ್ಲ.

ವರ್ಷಗಟ್ಟಲೆ ಇಂಗುತ್ತ ಬಂದ ಬಣ್ಣ ಕೊನೆಗೂ ಬಾವಿಗೆ ತಲುಪಿ, ಕಾಡಪ್ಪ ಸತ್ತ ಮರುವರ್ಷ ಅದರ ನೀರು ಕೆಂಪಾಯಿತು. ಅವನ ಅಜ್ಜ ತೋಡಿಸಿದ ಬಾವಿ, ಬೇಳೆ ಬೇಗ ಬೇಯುವಂಥ ಸಿಹಿನೀರು. ಬಂಗಾರೆವ್ವ ಜಗಳಕ್ಕೆ ಹೋಗಲಿಲ್ಲ. ಬೆಳಿಗ್ಗೆ ಒಂದು ಕೊಡ ಸೇದಿಕೊಂಡು ಹೋಗಿ ಮುರಿಗೆಪ್ಪನ ಹೊಸ್ತಿಲ ಮುಂದೆ ಸುರಿದು ಬಂದಳು. ಮಾರನೆಯ ದಿನವೂ ಹಾಗೇ. ಮೂರನೆಯ ದಿನವೂ ಹಾಗೇ. ಮುರಿಗೆಪ್ಪನ ಹೆಂಡತಿ ಹಾಕಿದ ರಂಗೋಲಿ ದಿನಾ ಕೆಂಪಗೆ ಹರಿದು ಹೋಗುತ್ತಿತ್ತು. ಓಣಿಯ ಜನ ನಿಂತು ನೋಡುತ್ತಿದ್ದರು. ಒಂಬತ್ತನೆಯ ದಿನ ಮುರಿಗೆಪ್ಪ ಅವಳ ಬಾಗಿಲಿಗೆ ಬಂದು ನಿಂತ.

"ವೈನಿ, ಬಾಯಿ ಮಾತಿಲೆ ಬೈದಬಿಡ. ಹಿಂಗ ಸುಮ್ಮನ ನೀರ ಸುರೀಬ್ಯಾಡ" ಎಂದ.

"ಬೈದರ ನೀರ ತಿಳಿ ಆಕ್ಕಾವೇನ?" ಎಂದಳು ಬಂಗಾರೆವ್ವ. "ಕಚೇರಿಗಿ ಅರ್ಜಿ ಬರೆಸೀನಿ. ಇನ್ನೂ ಕೊಟ್ಟಿಲ್ಲ. ನಿನ್ನ ತೊಟ್ಟಿ ಮುಚ್ಚಿದ್ರ ನನ್ನ ಕಂಡಿಕಿನೂ ನಿಲ್ಲತಾವ, ಅದು ನನಗ ಗೊತ್ತೈತಿ. ಏನರ ಮಾಡು."

ನಿಜ. ಅವಳು ಕೂಲಿಗೆ ಸುತ್ತುವ ನೂಲೂ ಅವನ ತೊಟ್ಟಿಯಿಂದಲೇ ಬರುತ್ತಿತ್ತು. ಹನ್ನೊಂದು ಮನೆಯ ಮಗ್ಗಗಳು ಆ ನಾಲ್ಕು ತೊಟ್ಟಿಗಳನ್ನು ನಂಬಿದ್ದವು. ಅರ್ಜಿ ಜಗುಲಿಯ ಮೇಲೆ ದೇವರ ಪಟದ ಹಿಂದೆ ಉಳಿಯಿತು.

ಏನಾದರೂ ಮಾಡು ಎಂದರೆ ಏನು ಮಾಡಬೇಕು? ಅದನ್ನು ಹೇಳಿಕೊಟ್ಟವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ತಸ್ಲೀಮಾ ಮೇಡಂ. ನೇಕಾರರ ಊರಿಗೆ ವರ್ಗವಾಗಿ ಬಂದ ದಿನದಿಂದ ಚರಂಡಿಯ ಬಣ್ಣ ನೋಡುತ್ತಿದ್ದವರು. ದೊಡ್ಡ ಯಂತ್ರ ಹಾಕಿಸುವ ಶಕ್ತಿ ಮುರಿಗೆಪ್ಪನಿಗೆ ಇರಲಿಲ್ಲ. ಅವರು ಯಂತ್ರದ ಮಾತೇ ಆಡಲಿಲ್ಲ. ಎಣ್ಣೆ ಗಿರಣಿಯವರು ಹೊರಗೆ ಒಟ್ಟುವ ಶೇಂಗಾ ಸಿಪ್ಪೆ ತರಿಸಿದರು. ಬೆಲ್ಲದ ಗಾಣದ ಒಲೆಯಲ್ಲಿ ಅರ್ಧ ಸುಟ್ಟು ಉಳಿದ ಕಬ್ಬಿನ ಸಿಪ್ಪೆಯ ಕರಿ ತರಿಸಿದರು. ಸಿಮೆಂಟಿನ ಮೂರು ತೊಟ್ಟಿಗಳನ್ನು ಸಾಲಾಗಿ ಕೂರಿಸಿದರು. ಮೊದಲನೆಯದರಲ್ಲಿ ಒಂದಿಷ್ಟು ಆಸಿಡ್ ಹಾಕಿ ಸೋಡಾದ ಸೊಕ್ಕು ಮುರಿಯುವುದು, ಎರಡನೆಯದರಲ್ಲಿ ಕರಿ, ಮೂರನೆಯದರಲ್ಲಿ ತೊಳೆದು ಒಣಗಿಸಿದ ಶೇಂಗಾ ಸಿಪ್ಪೆ. ಯಾರಿಗೂ ಬೇಡವಾದ ಎರಡು ಕಸ ಸೇರಿ ಯಾರಿಗೂ ಬೇಡವಾದ ಬಣ್ಣವನ್ನು ಹಿಡಿದುಕೊಂಡವು. ಮೊದಲ ದಿನ ಕೆಂಪು ನೀರು ಒಳಗೆ ಹೋಗಿ ತಿಳಿನೀರು ಹೊರಗೆ ಬಂದಾಗ ಮುರಿಗೆಪ್ಪ ಚಪ್ಪಲಿ ಬಿಟ್ಟು ನಿಂತಿದ್ದನಂತೆ.

"ಸಿಪ್ಪಿಗೂ ಹೊಟ್ಟಿ ಇರತೈತ್ರಿ. ತುಂಬಿದ ಮ್ಯಾಲೆ ಅದು ಬಣ್ಣ ತಿನ್ನಂಗಿಲ್ಲ" ಎಂದರು ಮೇಡಂ. "ಸಂತಿಗೊಮ್ಮೆ ಹಳೇದು ತಗದು ಹೊಸಾದು ಹಾಕ್ರಿ. ದಿನಾ ಈ ಗಾಜಿನ ಬಾಟಲಿ ತುಂಬ ನೀರ ಹಿಡದು, ಬಿಳಿ ಕಾಗದದ ಮುಂದ ಇಟ್ಟು ನೋಡ್ರಿ. ಮತ್ತ ಇದು ಹೊರಗ ಬಿಡೂ ನೀರು. ಕುಡಿಯೂದಲ್ಲ."

"ಇದನ್ನ ಯಾರ ಕುಡೀತಾರ್ರೀ ಮೇಡಂ? ನೆಲಕ್ಕ ಹೋಗತೈತಿ" ಎಂದ ಮುರಿಗೆಪ್ಪ.

ಉದ್ದನೆಯ ಒಳ್ಳೆಯ ಬಾಟಲಿ ಕೊಟ್ಟು ಹೋದರು. ಎಂಟು ದಿನಕ್ಕೇ ಮುರಿಗೆಪ್ಪನ ಹೆಂಡತಿ ಅದರಲ್ಲಿ ಕೊಬ್ಬರಿ ಎಣ್ಣೆ ತುಂಬಿಟ್ಟಳು. ಮುರಿಗೆಪ್ಪನೂ ಬೇಡ ಎನ್ನಲಿಲ್ಲ. ಅವನಿಗೆ ಬಾಟಲಿಯ ಮೇಲೆ ನಂಬಿಕೆ ಇರಲಿಲ್ಲ. ನೀರು ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ, ಮೋಡವಿದ್ದರೆ ಇನ್ನೊಂದು ಥರ ಕಾಣುತ್ತದೆ ಎನ್ನುವುದು ಅವನ ವಾದ. ನಲವತ್ತು ವರ್ಷದಿಂದ ಅವನು ನಂಬಿದ್ದು ಒಂದನ್ನೇ: ಬಿಳಿ ಬಟ್ಟೆ. ತೊಟ್ಟಿಯಲ್ಲಿ ಎಷ್ಟು ಬಣ್ಣ ಉಳಿದಿದೆ ಎಂದು ತಿಳಿಯಲು ಬಿಳಿ ತುಂಡನ್ನು ಅದ್ದಿ ನೋಡಬೇಕು. ಅಪ್ಪ ಹಾಗೆ ನೋಡುತ್ತಿದ್ದ, ಅವನೂ ಹಾಗೆ ನೋಡುತ್ತಿದ್ದ.

ಒಂದು ಬೆಳಿಗ್ಗೆ ಅವನು ಬಂಗಾರೆವ್ವನ ಬಾಗಿಲಿಗೆ ಬಂದ.

"ವೈನಿ, ಗಂಜಿ ಹೋಗಿ ಮೆತ್ತಗಾದ ಹಳೇ ಬಿಳಿ ಅರಿವಿ ಒಂದು ಕೊಡು. ಹೊಸಾದ್ರಾಗ ಬಣ್ಣ ಖರೇ ತಿಳಿಯಂಗಿಲ್ಲ. ದಿನಾ ಗುಂಡಿಗಿ ಹೋಗೂ ನೀರಾಗ ಅದ್ದಿ, ನಿನ್ನ ಬಾವಿ ಕಂಬಕ್ಕ ಕಟ್ಟತೀನಿ. ನೀನ ನೋಡ. ಬಿಳಿ ಇದ್ರ ನೀರ ಬಳಸು, ಕೆಂಪಾದ್ರ ಅರ್ಜಿ ಕೊಡು."

ಟ್ರಂಕಿನ ಮುಚ್ಚಳ ತೆರೆಯಿತು. ಬಂಗಾರೆವ್ವ ಧೋತರವನ್ನು ಹೊರತೆಗೆದು ಮೊಣಕಾಲ ಮೇಲೆ ಹರಡಿಕೊಂಡಳು. ಆಮೇಲೆ ನಡುವೆ ಹಲ್ಲಿನಿಂದ ಕಚ್ಚಿ, ಎರಡು ಕೈಯಲ್ಲೂ ಹಿಡಿದು ಹರಿದಳು. ಅರ್ಧವನ್ನು ಅವನಿಗೆ ಕೊಟ್ಟಳು. ಇನ್ನರ್ಧವನ್ನು ಮಡಿಸಿ ಒಳಗಿಟ್ಟಳು.

"ಅದನ್ನ ಯಾಕ ಇಟ್ಟಿ?" ಎಂದ ಮುರಿಗೆಪ್ಪ.

"ಶಿವಲೀಲಾಗ ಕೂಸು ಹುಟ್ಟಿದ್ರ ಬೇಕಾಕ್ಕೈತಿ. ಅಜ್ಜನ ಅರಿವಿ ಮೈಗೆ ಹತ್ತಲಿ."

ಹಳೆಯ ಧೋತರದ ಮೆತ್ತನೆಯ ತುಂಡುಗಳನ್ನೇ ಎಳೆಗೂಸಿಗೆ ಹಾಸಿ, ಹೊದಿಸಿ, ಕಟ್ಟುವುದು ಆ ಕಡೆಯ ರೂಢಿ. ಹೀಗೆ ಒಂದೇ ಧೋತರ ಎರಡು ಕೆಲಸಕ್ಕೆ ಹಂಚಿಹೋಯಿತು. ಮುರಿಗೆಪ್ಪ ತನ್ನ ಅರ್ಧದಿಂದ ನಾಲ್ಕು ಬೆರಳಗಲದ ಒಂದು ತುಂಡು ಹರಿದ. ಅದೇ ನಾನು.

ಆ ದಿನದಿಂದ ನನ್ನ ಕೆಲಸ ಶುರುವಾಯಿತು. ಮುರಿಗೆಪ್ಪ ಬೆಳಿಗ್ಗೆ ಎದ್ದು ಮೂರನೆಯ ತೊಟ್ಟಿಯ ಬಾಯಿಗೆ ನನ್ನನ್ನು ಹಿಡಿದು, ಬೀಡಿ ಮುಗಿಯುವ ತನಕ ನೆನೆಸುತ್ತಿದ್ದ. ಆಮೇಲೆ ಬಕೆಟ್ಟಿನ ನಳದ ನೀರಿನಲ್ಲಿ ಮೂರು ಸಲ ಜಾಲಿಸುತ್ತಿದ್ದ. ಹಿಂಡಿ, ಕೊಡವಿ, ಬಂದು ಬಂಗಾರೆವ್ವನ ಬಾವಿಯ ಗಾಲಿಯ ಕಂಬಕ್ಕೆ ಕಟ್ಟುತ್ತಿದ್ದ. ಅವಳು ಬಂದು ನೋಡುತ್ತಿದ್ದಳು. ಬಿಳಿ. ಕೊಡ ಇಳಿಸುತ್ತಿದ್ದಳು.

ಮೊದಲು ಪಾತ್ರೆ ತಿಕ್ಕಲು ಮಾತ್ರ ಬಳಸಿದಳು. ಆ ಮಳೆಗಾಲ ಚೆನ್ನಾಗಿ ಸುರಿದು ಬಾವಿ ತುಂಬಿ ನೀರು ತಿಳಿಯಾದ ಮೇಲೆ ಸ್ನಾನಕ್ಕೆ ಬಳಸಿದಳು. ದೀಪಾವಳಿಯ ಹೊತ್ತಿಗೆ ಕುಡಿಯತೊಡಗಿದಳು. ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು, ಶುದ್ಧ ನೀರಿನ ಘಟಕ ಊರಿನ ಆಚೆ ತುದಿಯಲ್ಲಿತ್ತು. ಮನೆಯಲ್ಲೇ ಸಿಹಿನೀರಿರುವಾಗ ಅಷ್ಟು ದೂರ ಯಾರು ಹೋಗುತ್ತಾರೆ? ಆಗ ನಾನು ಹೇಳುತ್ತಿದ್ದುದು ನಿಜವೂ ಆಗಿತ್ತು. ಮುರಿಗೆಪ್ಪ ಸಂತೆಗೊಮ್ಮೆ ತಪ್ಪದೆ ಸಿಪ್ಪೆ ಬದಲಿಸುತ್ತಿದ್ದ. ನೀರು ನಿಜವಾಗಿಯೂ ತಿಳಿಯಾಗಿತ್ತು.

ಬೇಸಿಗೆ ಬಂತು. ಗಾಣಗಳು ನಿಂತವು. ಶೇಂಗಾ ಸಿಪ್ಪೆಯನ್ನು ಇಟ್ಟಿಗೆ ಭಟ್ಟಿಯವರು ಲಾರಿಗಟ್ಟಲೆ ಒಯ್ಯತೊಡಗಿದರು. ಒಂದು ಸಂತೆಯ ವಾರ ಮುರಿಗೆಪ್ಪನಿಗೆ ಸಿಪ್ಪೆ ಸಿಗಲಿಲ್ಲ. ಹೆದರಿಕೊಂಡೇ ನನ್ನನ್ನು ಅದ್ದಿದ, ಜಾಲಿಸಿದ, ಬಿಸಿಲಿಗೆ ಹಿಡಿದ. ನಾನು ಬಿಳಿಯಾಗಿದ್ದೆ.

"ಇನ್ನೂ ಜೀವ ಐತಿ ಸಿಪ್ಪಿಗಿ" ಎಂದು ತನಗೇ ಹೇಳಿಕೊಂಡ.

ಮುಂದಿನ ವಾರವೂ ಬಿಳಿ. ತಿಂಗಳಾದರೂ ಬಿಳಿ. ಸಿಪ್ಪೆ ಬದಲಿಸುವುದು ಎರಡು ತಿಂಗಳಿಗೊಮ್ಮೆ ಆಯಿತು, ಆಮೇಲೆ ಮರೆತೇಹೋಯಿತು. ನನ್ನನ್ನು ಅದ್ದುವುದನ್ನು ಮಾತ್ರ ಅವನು ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಎದ್ದು ಬಂದು ಅದ್ದಿದ. ಮೋಸಗಾರನಾಗಿದ್ದರೆ ಮನೆಯಲ್ಲೇ ಒಂದು ಹೊಸ ಬಿಳಿ ತುಂಡು ತೋಯಿಸಿ ತಂದು ಕಟ್ಟುತ್ತಿದ್ದ. ಅವನು ಮೋಸಗಾರನಲ್ಲ. ಅದೇ ತೊಂದರೆ.

ನನಗೆ ಗೊತ್ತಿದ್ದದ್ದು ಇಷ್ಟು. ನೂಲು ಹಿಡಿಯದೆ ಬಿಟ್ಟ ಬಣ್ಣವೇ ತಾನೇ ಆ ನೀರಿನಲ್ಲಿದ್ದುದು? ಬಿಸಿ ತೊಟ್ಟಿಯಲ್ಲಿ ನೂಲಿಗೇ ಹತ್ತದ ಬಣ್ಣ ತಣ್ಣೀರಿನಲ್ಲಿ ನನಗೆ ಹತ್ತೀತೆ? ಅದು ನನ್ನ ಮೇಲೆ ಬಂದು ಕೂರುತ್ತಿತ್ತು. ಮೊದಲ ಸಲ ಜಾಲಿಸಿದಾಗ ಅರ್ಧ ಇಳಿಯುತ್ತಿತ್ತು, ಎರಡನೆಯ ಸಲಕ್ಕೆ ಉಳಿದದ್ದು, ಮೂರನೆಯ ಸಲಕ್ಕೆ ಏನೂ ಇರುತ್ತಿರಲಿಲ್ಲ. ಬಕೆಟ್ಟಿನ ನೀರನ್ನು ಮುರಿಗೆಪ್ಪ ನೋಡುತ್ತಲೇ ಇರಲಿಲ್ಲ, ಚೆಲ್ಲಿಬಿಡುತ್ತಿದ್ದ. ಬಣ್ಣ ಗೊತ್ತಿಲ್ಲದ ಯಾರಾದರೂ ಆಗಿದ್ದರೆ ನನ್ನನ್ನು ತೊಯ್ದ ಹಾಗೆಯೇ ಒಣಗಿಸಿ ನೋಡುತ್ತಿದ್ದರು. ಬಣ್ಣದವನು ಹಾಗೆ ಮಾಡಲಾರ. ತೊಟ್ಟಿಯಿಂದ ತೆಗೆದ ನೂಲು ಯಾವಾಗಲೂ ಗಾಢವಾಗಿಯೇ ಕಾಣುತ್ತದೆ. ಜಾಲಿಸಿದ ಮೇಲೆ ಉಳಿದದ್ದೇ ನಿಜವಾದ ಬಣ್ಣ. ಜಾಲಿಸದೆ ನೋಡಬಾರದು ಎಂದು ಅವನಪ್ಪ ಅವನಿಗೆ ಹೊಡೆದು ಕಲಿಸಿದ್ದ. ಕಲಿತದ್ದನ್ನು ಅವನು ಚಾಚೂ ತಪ್ಪದೆ ಮಾಡಿದ.

ದಿನಾ ಬಣ್ಣದ ನೀರಿನಲ್ಲಿ ಮುಳುಗುವ ತುಂಡು ವರ್ಷವಾದರೂ ಮಾಸಲಿಲ್ಲ. ಎರಡನೆಯ ತುಂಡು ಹರಿಯುವ ಕೆಲಸವೇ ಬೀಳಲಿಲ್ಲ. ಇದು ಯಾಕೆ ಎಂದು ಅವನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಒಮ್ಮೆ ತಸ್ಲೀಮಾ ಮೇಡಂ ಬಂದು ಬಾಟಲಿ ಎಲ್ಲಿ ಎಂದು ಕೇಳಿದ್ದರು. ಐತ್ರಿ, ಒಳಗೈತಿ ಎಂದ ಮುರಿಗೆಪ್ಪ, ಅದೇನೂ ಸುಳ್ಳಲ್ಲ. ಮುಂದಿನ ತಿಂಗಳು ಅವರಿಗೆ ಬೇರೆ ಊರಿಗೆ ವರ್ಗವಾಯಿತು.

ನನಗೇನು ಅನ್ನಿಸುತ್ತಿತ್ತು ಎಂದು ನೀವು ಕೇಳಬಹುದು. ಏನೂ ಅನ್ನಿಸುತ್ತಿರಲಿಲ್ಲ. ಅದ್ದುತ್ತಿದ್ದರು, ಜಾಲಿಸುತ್ತಿದ್ದರು, ಕಟ್ಟುತ್ತಿದ್ದರು. ಗಾಳಿ ಬಂದರೆ ಅಲುಗಾಡುತ್ತಿದ್ದೆ. ಅದನ್ನು ಅವಳು ಒಳ್ಳೆಯ ಸುದ್ದಿ ಎಂದುಕೊಳ್ಳುತ್ತಿದ್ದಳು.

ಮರುವರ್ಷದ ಚಳಿಗಾಲದ ಕೊನೆಗೆ ಶಿವಲೀಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆಗ ಅವಳಿಗೆ ಏಳು ತಿಂಗಳು. ಕಾಲು ಊದಿಕೊಂಡಿದ್ದವು, ಬಾಯಾರಿಕೆ ಬಹಳ. ಬಂಗಾರೆವ್ವ ಅವತ್ತು ಕೊಡ ಇಳಿಸುವ ಮೊದಲು ಮುರಿಗೆಪ್ಪನನ್ನು ನಿಲ್ಲಿಸಿಕೊಂಡಳು.

"ಇಷ್ಟ ದಿನ ನಾ ಒಬ್ಬಾಕಿ ಕುಡೀತಿದ್ನಿ. ಈಗ ಹೊಟ್ಟೀಲಿದ್ದ ಮಗಳ ಬಂದಾಳ. ಖರೇ ಹೇಳ ತಮ್ಮಾ. ಛಲೋ ಅದಾವಿಲ್ಲೊ ನೀರ? ಇಲ್ಲಂದ್ರ ಘಟಕದ್ದ ತರತೀನಿ. ನನಗೇನ ನಡ್ಯಾಕ ಬರಂಗಿಲ್ಲೇನ?"

ಮುರಿಗೆಪ್ಪ ನನ್ನನ್ನು ಕಂಬದಿಂದ ಬಿಚ್ಚಿ ಅಂಗೈ ಮೇಲೆ ಹಿಡಿದ. "ನೋಡ ವೈನಿ. ಕಾಡಪ್ಪನ ಧೋತರದ ಮ್ಯಾಲೆ ಕೈ ಇಟ್ಟ ಹೇಳತೀನಿ. ಶಿವಲೀಲಾ ನನಗೂ ಮಗಳ. ಬಣ್ಣ ಇದ್ರ ಈ ಅರಿವಿ ಹೇಳತಿತ್ತು."

ಅವನ ಬಣ್ಣದ ಬೆರಳುಗಳು ನನ್ನ ಮೇಲಿದ್ದವು. ನಾನು ಬೆಳ್ಳಗಿದ್ದೆ. ಬಂಗಾರೆವ್ವ ತಾಮ್ರದ ಕೊಡ ಇಳಿಸಿದಳು. ತಾಮ್ರದ ಕೊಡದಲ್ಲಿ ತೆಳುಗೆಂಪು ಕಾಣುವುದಿಲ್ಲ. ಮಗಳು ನಿಂತಲ್ಲೇ ಎರಡು ತಂಬಿಗೆ ಕುಡಿದು, "ಯವ್ವಾ, ನಮ್ಮ ಬಾವಿ ನೀರ ರುಚಿ ಎಲ್ಲೂ ಇಲ್ಲ" ಎಂದಳು.

ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದ ದಿನ ಬಂಗಾರೆವ್ವ ಟ್ರಂಕು ತೆರೆದು ಇನ್ನರ್ಧ ಧೋತರವನ್ನು ಹೊರಗೆ ತೆಗೆದಳು. ಎಂಟು ತುಂಡು ಮಾಡಿ, ಎರಡನ್ನು ಮುಂದಕ್ಕಿರಲೆಂದು ಮತ್ತೆ ಟ್ರಂಕಿನಲ್ಲಿಟ್ಟಳು. ಕಂಬದ ಮೇಲಿಂದ ನನಗೆ ಎಲ್ಲ ಕಾಣುತ್ತಿತ್ತು. ನನ್ನ ಜೊತೆ ಒಂದೇ ಹಾಸಿನಲ್ಲಿ ಹುಟ್ಟಿದ ಎಳೆಗಳು ಒಂದು ಎಳೆಗೂಸಿನ ಮೈ ಸುತ್ತಿಕೊಂಡವು. ದಿನಾ ಬಾವಿಯ ನೀರಿನಲ್ಲಿ ಒಗೆದು, ಅದೇ ನೀರಿನಲ್ಲಿ ಹಿಂಡಿ, ಅಂಗಳದ ಹಗ್ಗಕ್ಕೆ ಹಾಕುತ್ತಿದ್ದಳು. ಹಗ್ಗಕ್ಕೆ ಹಾಕಿದ ತೊಯ್ದ ಬಟ್ಟೆಯಲ್ಲಿ ನೀರು ಮೆಲ್ಲಗೆ ಕೆಳ ಅಂಚಿಗೆ ಇಳಿಯುತ್ತದೆ. ನೀರಿನಲ್ಲಿ ಇದ್ದದ್ದೂ ಅದರ ಜೊತೆ ಇಳಿಯುತ್ತದೆ. ನೀರು ಆರಿಹೋಗುತ್ತದೆ. ಇನ್ನೊಂದು ಹೋಗುವುದಿಲ್ಲ.

ಕೂಸಿಗೆ ತಿಂಗಳು ತುಂಬುವ ಹೊತ್ತಿಗೆ ಬೇಸಿಗೆಗೆ ಬಾವಿಯ ನೀರು ತಗ್ಗಿ ಬಣ್ಣ ಗಟ್ಟಿಯಾಗಿತ್ತು. ಒಂದು ಮಧ್ಯಾಹ್ನ ಶಿವಲೀಲಾ ಒಣಗಿದ ಬಟ್ಟೆ ಮಡಿಸುತ್ತಾ ಕೂತಿದ್ದವಳು ಒಮ್ಮೆಲೇ ಚೀರಿದಳು.

"ಯವ್ವಾ! ಕೂಸಿಗಿ ರಕ್ತ ಹೋಗಾಕತ್ತೈತಿ! ನೋಡ ಬಾ, ಅರಿವಿ ನೋಡ!"

ಬಟ್ಟೆಯ ಅಂಚಿನಲ್ಲಿ ತೆಳುಗೆಂಪು ಕಲೆ ಇತ್ತು. ಬಂಗಾರೆವ್ವ ಕೂಸನ್ನು ಎದೆಗವಚಿಕೊಂಡು ಬರಿಗಾಲಲ್ಲೇ ಓಡಿದಳು. ಬಾಣಂತಿ ಹಿಂದೆ ಓಡಿದಳು. ಬಾಗಿಲು ತೆರೆದೇ ಇತ್ತು. ಮನೆಯಲ್ಲಿ ನಾನೂ ಹಗ್ಗದ ಮೇಲಿನ ಎರಡು ತುಂಡುಗಳೂ ಉಳಿದೆವು.

ಎರಡು ತಾಸಿನ ಮೇಲೆ ತಿರುಗಿ ಬಂದರು. ಡಾಕ್ಟರಬಾಯಿ ಕೂಸನ್ನು ತಿರುವಿ ತಿರುವಿ ನೋಡಿ, ಎಲ್ಲೂ ರಕ್ತವಿಲ್ಲ, ಕೂಸು ಆರಾಮವಾಗಿದೆ ಎಂದಿದ್ದರು. ಶಿವಲೀಲಾ ಅಳುತ್ತಲೇ ನಗುತ್ತಿದ್ದಳು. ಬಂಗಾರೆವ್ವ ನಗಲಿಲ್ಲ. ಹಗ್ಗದ ಬಳಿಗೆ ಹೋಗಿ ಆ ಎರಡು ತುಂಡುಗಳನ್ನು ಕೈಗೆ ತೆಗೆದುಕೊಂಡಳು. ಟ್ರಂಕಿನಿಂದ ತೆಗೆದು ಆ ದಿನವೇ ಮೊದಲ ಸಲ ಒಗೆದು ಹಾಕಿದ್ದ ತುಂಡುಗಳವು. ಕೂಸಿಗೆ ಇನ್ನೂ ಕಟ್ಟಿರಲಿಲ್ಲ. ಅವುಗಳ ಅಂಚೂ ಹಾಗೇ ಕೆಂಪಾಗಿತ್ತು. ಅವುಗಳನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ತುಂಬಾ ಹೊತ್ತು ನೋಡಿದಳು.

ಮಾರನೆಯ ಬೆಳಿಗ್ಗೆ ಮುರಿಗೆಪ್ಪ ಎಂದಿನಂತೆ ನನ್ನನ್ನು ಅದ್ದಿ, ಜಾಲಿಸಿ, ಹಿಂಡಿ ತಂದ. ಬಂಗಾರೆವ್ವ ಬಾವಿಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸೇದಿಟ್ಟ ಕೊಡ.

"ಕೂಸು ಆರಾಮ ಐತಿಲ್ಲೊ ವೈನಿ? ನಿನ್ನೆ ಏನೋ ಗಾಬರಿ ಆಗಿದ್ರಂತ" ಎಂದ.

ಅವಳು ಅವನ ಕೈಯಿಂದ ನನ್ನನ್ನು ತೆಗೆದುಕೊಂಡು ಕೊಡದೊಳಗೆ ಬಿಟ್ಟಳು. ನೆನೆದ ಮೇಲೆ ಎತ್ತಿ ಒಂದೇ ಸಲ ಹಿಂಡಿದಳು. ಮುರಿಗೆಪ್ಪ ಕೈ ಚಾಚಿದ.

"ತಾ ವೈನಿ, ನಳದ ನೀರಾಗ ಜಾಲಿಸಿ ಕೊಡತೀನಿ. ಜಾಲಿಸದ ನೋಡಬಾರದು."

"ಕುಂದರ ತಮ್ಮಾ. ಅದು ಒಣಗಲಿ."

ಅಂಗಳದ ಹಗ್ಗಕ್ಕೆ, ಕೂಸಿನ ಬಟ್ಟೆಗಳ ಪಕ್ಕದಲ್ಲಿ ನನ್ನನ್ನು ಹಾಕಿದಳು. ಒಂದು ಧೋತರದ ಎರಡು ಭಾಗ ಸುಮಾರು ಎರಡು ವರ್ಷದ ಮೇಲೆ ಮತ್ತೆ ಪಕ್ಕಪಕ್ಕ ಸೇರಿದವು. ಇಬ್ಬರೂ ಕಟ್ಟೆಯ ಮೇಲೆ ಕೂತರು. ಮುರಿಗೆಪ್ಪ ಬೀಡಿ ತೆಗೆದ, ಹಚ್ಚದೆ ಕಿವಿಗೆ ಸಿಕ್ಕಿಸಿಕೊಂಡ. ಒಳಗೆ ಶಿವಲೀಲಾ ಕೂಸಿಗೆ ಎರೆಯುತ್ತಿದ್ದ ಸದ್ದು. ಬಿಸಿಲು ಏರಿತು. ನನ್ನೊಳಗಿನ ನೀರು ಕೆಳಗಿಳಿಯಿತು, ಆಮೇಲೆ ಆರಿತು. ಅಂಚಿಗೆ ಬಣ್ಣ ನಿಂತಿತು, ಬೆವರಿಗೆ ಕುಂಕುಮ ಇಳಿದ ಹಾಗೆ.

ಆಗ ಮಾತ್ರ ನನಗೆ ಏನೋ ಅನ್ನಿಸಿತು. ಸಂಕಟ ಎನ್ನುತ್ತಾರಲ್ಲ, ಅದು ಇರಬೇಕು. ನಾನೂರು ಬೆಳಗು ಕಂಬದ ಮೇಲೆ ನಿಂತು ಹೇಳದೆ ಉಳಿದದ್ದನ್ನು ಆ ಒಂದು ಬೆಳಗಿನಲ್ಲಿ ಹೇಳಿದ್ದೆ. ಹೇಳಿದಾಗ ಕೇಳಬೇಕಾದವರು ಆಗಲೇ ಕುಡಿದು ಮುಗಿಸಿದ್ದರು.

ಮುರಿಗೆಪ್ಪ ಎದ್ದು ಬಂದು ನನ್ನ ಅಂಚನ್ನು ಬೆರಳಿನಿಂದ ಉಜ್ಜಿ ನೋಡಿದ. ಅಭ್ಯಾಸಬಲದಿಂದ ಅವನ ಬಾಯಿಗೆ ಬಂದದ್ದು ಇಷ್ಟೇ: "ಜಾಲಿಸಿದ್ರ ಹೋಗತೈತಿ ವೈನಿ."

"ಹೋಗತೈತಿ. ಅರಿವಿ ಜಾಲಿಸಬಹುದು" ಎಂದಳು ಬಂಗಾರೆವ್ವ. ದನಿ ಏರಲಿಲ್ಲ. "ನನ್ನ ಮಗಳು ಮೂರೂವರಿ ತಿಂಗಳ ಕುಡದಾಳ. ಆಕಿ ಹೊಟ್ಟಿ ಎಲ್ಲಿ ಜಾಲಿಸಲಿ?"

ಮುರಿಗೆಪ್ಪ ನನ್ನ ಅಂಚನ್ನು ಕೈಬಿಟ್ಟ.

"ನಾ ಸುಳ್ಳ ಹೇಳಿಲ್ಲ ವೈನಿ."

"ಗೊತ್ತೈತಿ. ಸುಳ್ಳ ಹೇಳಿದ್ರ ಅವತ್ತ ಹಿಡೀತಿದ್ನಿ."

ಅವಳು ಎದ್ದು ಗಾಲಿಯಿಂದ ಹಗ್ಗ ಬಿಚ್ಚಿದಳು, ಸುತ್ತಿದಳು, ಒಳಗೆ ಒಯ್ದಳು. ಆಮೇಲೆ ಬಾವಿಯ ಮೇಲೆ ತಗಡು ಎಳೆದಳು. ಅರ್ಜಿ ಪಟದ ಹಿಂದೆಯೇ ಉಳಿಯಿತು. ಅದನ್ನು ಕೊಡುವುದಕ್ಕೂ ಅವಳಿಗೆ ಮನಸ್ಸಿರಲಿಲ್ಲ.

ಮುರಿಗೆಪ್ಪ ಆ ದಿನ ಬಣ್ಣದ ತೊಟ್ಟಿಯ ಒಲೆ ಹಚ್ಚಲಿಲ್ಲ. ಮೂರನೆಯ ತೊಟ್ಟಿಯ ಸಿಪ್ಪೆ ತೆಗೆದ. ಅದು ಕಪ್ಪಗೆ ಕೊಳೆತು, ಬಣ್ಣ ಕುಡಿದು ಕುಡಿದು ಬಾತುಹೋಗಿತ್ತು. ತಸ್ಲೀಮಾ ಮೇಡಂ ಅವರಿಗೆ ಫೋನು ಹಚ್ಚಿ ಎಲ್ಲ ಹೇಳಿದ. ಒಲೆಗೆ ಹಾಕಬೇಡಿ, ಹೊಲಕ್ಕೂ ಹಾಕಬೇಡಿ, ಮಳೆ ತಾಗದ ಹಾಗೆ ಇಡಿ, ಒಯ್ಯುವವರನ್ನು ವಿಚಾರಿಸುತ್ತೇನೆ ಎಂದರಂತೆ. ಅವನು ಇಪ್ಪತ್ತು ಚೀಲ ತುಂಬಿ ತನ್ನ ಮನೆಯ ಪಡಸಾಲೆಯಲ್ಲೇ ಒಟ್ಟಿದ. ಒಯ್ಯುವವರು ಬರುವ ತನಕ ಬೀಗರು ಬಂದರೆ ಚೀಲಗಳ ಮೇಲೆಯೇ ಕೂರಬೇಕಾಯಿತು. ಗುಂಡಿ ಮುಚ್ಚಿಸಿ, ತಳಕ್ಕೆ ಸಿಮೆಂಟು ಹಾಕಿದ ಹೊಸ ತೊಟ್ಟಿ ಕಟ್ಟಿಸಿದ. ಎಣ್ಣೆ ಬಾಟಲಿ ಖಾಲಿಯಾಗಿ ತಿರುಗಿ ಹಿತ್ತಲಿಗೆ ಬಂತು.

ಕೂಸಿಗೆ ಮೂರು ತಿಂಗಳಾಗುತ್ತಲೇ ಶಿವಲೀಲಾ ಗಂಡನ ಮನೆಗೆ ಹೋದಳು. ಐದು ತಿಂಗಳಿಗೆ ಕಳುಹಿಸುವುದು ರೂಢಿ. ಹೋಗುವ ಮೊದಲು ಮತ್ತೊಮ್ಮೆ ಡಾಕ್ಟರಬಾಯಿಯ ಹತ್ತಿರ ಹೋಗಿ, ಹಿಂಗಿಂಗಾಗಿದೆ, ನೀರು ಕುಡಿದಿದ್ದೆ ಎಂದು ಕೇಳಿದಳು. ಈಗೇನೂ ಇಲ್ಲ ಎಂದರಂತೆ. ಬಂಗಾರೆವ್ವ ಆ ಮಾತನ್ನು ಎಷ್ಟೋ ದಿನ ಒಬ್ಬಳೇ ಹೇಳಿಕೊಳ್ಳುತ್ತಿದ್ದಳು. ಈಗೇನೂ ಇಲ್ಲ. ಈಗ ಏನೂ ಇಲ್ಲ.

ಮುರಿಗೆಪ್ಪ ಸಂತೆಗೊಮ್ಮೆ ಸಿಪ್ಪೆ ಬದಲಿಸುವುದನ್ನು ಮತ್ತೆ ಶುರು ಮಾಡಿದ. ತನ್ನ ಬಳಿ ಉಳಿದಿದ್ದ ಧೋತರದಿಂದ ತಿಂಗಳಿಗೊಂದು ತುಂಡು ಹರಿದು, ಬಂಗಾರೆವ್ವನ ಬಾವಿಯ ತಗಡು ಸರಿಸಿ, ಅದೇ ನೀರಿನಲ್ಲಿ ಅದ್ದಿ, ಜಾಲಿಸದೆ ಒಣಗಿಸಿ ಕಂಬಕ್ಕೆ ಕಟ್ಟುತ್ತಿದ್ದ. ನನ್ನನ್ನೂ ತಿರುಗಿ ಅಲ್ಲೇ ಕಟ್ಟಿದ್ದ, ಮಳೆ ತಾಗದ ಹಾಗೆ ಮೇಲೊಂದು ತಗಡು ಹೊದಿಸಿ. ನನ್ನ ಕೆಳಗೆ ಒಂದು, ಅದರ ಕೆಳಗೆ ಇನ್ನೊಂದು. ಒಂದಕ್ಕಿಂತ ಒಂದು ತೆಳು. ಬಂಗಾರೆವ್ವ ಒಂದನ್ನೂ ನೋಡಲಿಲ್ಲ. ಎರಡು ಮಳೆಗಾಲ ಹೋದವು. ಒಂದು ಸಂತೆಯ ದಿನ ಒಣಗಿದ ತುಂಡು ಹುಟ್ಟಿದ ಹಾಗೆ ಬೆಳ್ಳಗಿತ್ತು. ಮುರಿಗೆಪ್ಪ ಅದನ್ನು ಕೈಯಲ್ಲಿ ಹಿಡಿದು ಬಾಗಿಲಿಗೆ ಹೋದ.

"ವೈನಿ, ಈ ಸಲ ಜಾಲಿಸಿಲ್ಲ. ಬಾಟಲಿಯಾಗೂ ನೋಡೀನಿ. ನೀರ ತಿಳಿ ಆಗ್ಯಾವ."

ಬಂಗಾರೆವ್ವ ತುಂಡನ್ನು ಮುಟ್ಟಲಿಲ್ಲ. ಒಳಗಿನಿಂದ ಹಗ್ಗ ತಂದು ಗಾಲಿಗೆ ಹಾಕಿ ಒಂದು ಕೊಡ ಸೇದಿದಳು. ತಂಬಿಗೆ ತುಂಬಿ ಅವನ ಮುಂದೆ ಹಿಡಿದಳು.

"ಹಂಗಾರ ನೀ ಕುಡಿ."

ಮುರಿಗೆಪ್ಪ ತಂಬಿಗೆ ಹಿಡಿದುಕೊಂಡು ನಿಂತ. ಅವನ ಮನೆಗೆ ಘಟಕದ ಕ್ಯಾನು ಬರುತ್ತಿತ್ತು. ಇಷ್ಟು ವರ್ಷದಲ್ಲಿ ಅವನು ಈ ಬಾವಿಯ ನೀರನ್ನು ಒಂದು ಗುಟುಕೂ ಕುಡಿದಿರಲಿಲ್ಲ. ಅದು ಅವಳಿಗೂ ಆಗ ನೆನಪಾಯಿತು, ಅವನಿಗೂ ಆಗ ನೆನಪಾಯಿತು. ತಂಬಿಗೆಯೊಳಗೆ ನೋಡಿದ. ಕಣ್ಣು ಮುಚ್ಚಿಕೊಂಡು ಕುಡಿದ. ಖಾಲಿ ತಂಬಿಗೆ ಬೋರಲು ಹಾಕಿ ತೋರಿಸಿದ.

ಬಂಗಾರೆವ್ವ ತಂಬಿಗೆ ಇಸಿದುಕೊಂಡಳು. "ಬರೂ ಸಂತಿಗೂ ಬಾ" ಎಂದಳು.

ಆ ದಿನ ಕಂಬದ ಮೇಲಿದ್ದ ತುಂಡುಗಳನ್ನೆಲ್ಲ ಅವಳು ಬಿಚ್ಚಿದಳು. ಎಲ್ಲವನ್ನೂ ಸೇರಿಸಿ ಸುತ್ತಿ ತಲೆಯ ಮೇಲಿಡುವ ಸಿಂಬೆ ಮಾಡಿಕೊಂಡಳು. ನಾನು ಒಳಸುತ್ತಿನಲ್ಲಿದ್ದೇನೆ. ದಿನಾ ಬೆಳಿಗ್ಗೆ ಅವಳು ಊರಿನ ಆಚೆ ತುದಿಯ ಘಟಕಕ್ಕೆ ಹೋಗಿ ಬರುತ್ತಾಳೆ. ಕೆಳಗೆ ಅವಳ ತಲೆ, ಮೇಲೆ ಕೊಡ, ನಡುವೆ ನಾನು. ತುಳುಕಿದ ಹನಿಗಳು ನನ್ನ ಅಂಚಿನ ಕೆಂಪನ್ನು ಸ್ವಲ್ಪ ಸ್ವಲ್ಪವೇ ತೊಳೆದು ಅವಳ ಕೂದಲಿಗೆ, ದಾರಿಯ ಮಣ್ಣಿಗೆ ಇಳಿಸುತ್ತಿವೆ. ಇನ್ನು ಕೆಲವು ತಿಂಗಳಿಗೆ ನಾನು ಮತ್ತೆ ಬಿಳಿಯಾಗುತ್ತೇನೆ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನನ್ನ ಇಡೀ ಬಾಳಿನಲ್ಲಿ ನಾನು ಕಲಿತದ್ದು ಇಷ್ಟೇ. ಅದನ್ನು ಕಲಿಯಲು ಒಂದು ಮನೆ ಬಾಯಾರಬೇಕಾಯಿತು.

ಮುರಿಗೆಪ್ಪ ಸಂತೆಯ ದಿನ ತಪ್ಪದೆ ಬರುತ್ತಾನೆ. ಬಂಗಾರೆವ್ವ ಸೇದಿ ಕೊಡುತ್ತಾಳೆ, ಅವನು ನಿಂತು ಒಂದು ತಂಬಿಗೆ ಕುಡಿಯುತ್ತಾನೆ. ಅವಳು ಅವನ ಮುಖವನ್ನೇ ನೋಡುತ್ತಾಳೆ, ಮೊದಲು ನನ್ನನ್ನು ನೋಡುತ್ತಿದ್ದ ಹಾಗೆ. ತಾನು ಕುಡಿಯುವುದಿಲ್ಲ. ನನ್ನ ಕೆಲಸ ಈಗ ಅವನದಾಗಿದೆ. ನನ್ನನ್ನಾದರೆ ಜಾಲಿಸಬಹುದಿತ್ತು.